ಒಂದು ಸ್ಟೂಲಿಗೆ ಹದಿನಾರು ತೂತು

ಐಟಿಐಯ ಬಡಗಿ ವಿಭಾಗದಲ್ಲಿ ಕಲಿಕೆ ಒಂದೇ ವರ್ಷದ್ದು. ವರ್ಷವಿಡೀ ಕಲಿತದ್ದೆಲ್ಲ ಒಂದು ವಸ್ತುವಿನಲ್ಲಿ ಕಾಣಬೇಕು ಎಂದು ನಾನು ಕೊನೆಗೆ ಮಾಡಿಸುವುದು ಸ್ಟೂಲು. ನಾಲ್ಕು ಕಾಲು, ಎಂಟು ಅಡ್ಡಪಟ್ಟಿ, ಮೇಲೊಂದು ಹಲಗೆ. ನೋಡುವುದಕ್ಕೆ ಇಷ್ಟೇ. ಆದರೆ ಒಂದೊಂದು ಕಾಲಿಗೆ ನಾಲ್ಕು ತೂತು, ಒಟ್ಟು ಹದಿನಾರು. ಅವುಗಳೊಳಗೆ ಕೂರುವ, ಪಟ್ಟಿಯ ತುದಿಯಲ್ಲಿ ಕೊಯ್ದ ನಾಲಿಗೆಗಳೂ ಅಷ್ಟೇ. ಪುಸ್ತಕದಲ್ಲಿ ಇವಕ್ಕೆ ಮಾರ್ಟೈಸ್, ಟೆನನ್ ಎಂದು ಹೆಸರು. ಪರೀಕ್ಷೆಗೆ ಹೆಸರು ಬೇಕು, ಕೆಲಸ ಮಾಡುವಾಗ ತೂತು, ನಾಲಿಗೆ ಅಂದರೆ ಸಾಕು.

ಅಲ್ಲಾಡುವ ಸ್ಟೂಲನ್ನು ಎದುರಿಗಿಟ್ಟುಕೊಂಡು ತಪ್ಪು ಎಲ್ಲಾಯಿತು ಎಂದು ಹುಡುಕುತ್ತ ಹೋದರೆ ಗೋಂದು ಹಾಕಿದ ದಿನಕ್ಕೆ ನಿಲ್ಲುವುದಿಲ್ಲ, ಕೊಯ್ದ ದಿನಕ್ಕೂ ನಿಲ್ಲುವುದಿಲ್ಲ. ಹತ್ತಕ್ಕೆ ಎಂಟು ಸಲ ಅದು ಗುರುತು ಹಾಕಿದ ದಿನದ ತಪ್ಪು. ಅದಕ್ಕೇ ಕೊಯ್ಯುವುದಕ್ಕಿಂತ ಗುರುತು ಹಾಕುವುದಕ್ಕೆ ನಮ್ಮಲ್ಲಿ ಹೆಚ್ಚು ದಿನ ಹಿಡಿಯುತ್ತದೆ.

ಮೊದಲು ಮರದ ಲೆಕ್ಕ. ಮಿಲ್ಲಿನಲ್ಲಿ ಕೊಯ್ದ ಮರವನ್ನು ಸಿಎಫ್‌ಟಿಯಲ್ಲಿ, ಅಂದರೆ ಘನ ಅಡಿಯಲ್ಲಿ ಕೊಡುತ್ತಾರೆ. ಅಗಲ ಇಂಚಿನಲ್ಲಿ, ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ. ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. ಸ್ಟೂಲಿನ ಕಾಲು 2×2 ಇಂಚು, 19 ಇಂಚು ಉದ್ದ, ನಾಲ್ಕು: 0.176. ಮೇಲಿನ ಪಟ್ಟಿ 3×1, ಒಂದಡಿ, ನಾಲ್ಕು: 0.083. ಕೆಳಗಿನ ಪಟ್ಟಿ 2×1, ಒಂದಡಿ, ನಾಲ್ಕು: 0.056. ಕೂರುವ ಹಲಗೆ 13 ಇಂಚು ಚೌಕ, ಒಂದಿಂಚು ದಪ್ಪ: 0.098. ಎಲ್ಲ ಸೇರಿ 0.41 ಚಿಲ್ಲರೆ. ಗಂಟು, ಸೀಳು, ಗರಗಸದ ಪುಡಿ ಎಂದು ಕಾಲು ಭಾಗ ಸೇರಿಸಿದರೆ ಅರ್ಧ ಸಿಎಫ್‌ಟಿ. 24 ಜನರ ತಂಡಕ್ಕೆ 12 ಸಿಎಫ್‌ಟಿ ತರಿಸಿದರೆ ಯಾರಾದರೂ ಒಬ್ಬ ಕಾಲು ಕೆಡಿಸಿಕೊಂಡರೆ ಕೊಡಲು ಏನೂ ಉಳಿಯುವುದಿಲ್ಲ. 13 ತರಿಸಬೇಕು.

ದಿಮ್ಮಿಯನ್ನೇ ಕೊಳ್ಳುವುದಾದರೆ ಲೆಕ್ಕ ಬೇರೆ. ಸುತ್ತಳತೆಯ ನಾಲ್ಕನೇ ಒಂದು ಭಾಗವನ್ನು ವರ್ಗ ಮಾಡಿ, ಅಡಿಯ ಉದ್ದದಿಂದ ಗುಣಿಸಿ, 144ರಿಂದ ಭಾಗಿಸುತ್ತಾರೆ. ಸುತ್ತಳತೆ 48 ಇಂಚು, ಉದ್ದ 8 ಅಡಿ ಇದ್ದರೆ 12×12×8 ಭಾಗಿಸು 144, ಅಂದರೆ 8 ಸಿಎಫ್‌ಟಿ. ನಿಜವಾದ ಗಾತ್ರ ಹತ್ತಕ್ಕಿಂತ ತುಸು ಹೆಚ್ಚೇ ಇರುತ್ತದೆ. ಉರುಟು ದಿಮ್ಮಿಯನ್ನು ಚೌಕ ಮಾಡುವಾಗ ಹೋಗುವ ಬದಿಯ ಸೀಳುಗಳನ್ನು ಈ ಲೆಕ್ಕ ಮೊದಲೇ ಕಳೆದುಬಿಟ್ಟಿರುತ್ತದೆ. ಇದು ಗೊತ್ತಿಲ್ಲದೆ ಎರಡು ಲೆಕ್ಕಗಳ ದರವನ್ನು ಹೋಲಿಸಿ ಮೋಸಹೋದೆವು ಎನ್ನುವವರು ಬಹಳ.

ನಮಗೆ ಸಿಗುವುದು ತೋಟದ ಬದಿಯಲ್ಲಿ ಬೆಳೆದ ಎಳೆಯ ತೇಗ. ಅದರಲ್ಲಿ ಚೇಗು, ಅಂದರೆ ಒಳಗಿನ ಗಟ್ಟಿ ಭಾಗ ಕಡಿಮೆ, ಹೊರಗಿನ ಬಿಳಿ ಭಾಗ ಹೆಚ್ಚು. ಬಿಳಿಗೆ ಹುಳು ಬೀಳುತ್ತದೆ, ಆದ್ದರಿಂದ ಕಾಲಿಗೆ ಚೇಗು, ಪಟ್ಟಿಯ ಒಳಮುಖಕ್ಕೆ ಬೇಕಾದರೆ ಸ್ವಲ್ಪ ಬಿಳಿ. ದಿಮ್ಮಿಯ ನಟ್ಟನಡುವಿನ ತಿರುಳು ಇರುವ ತುಂಡನ್ನು ಕಾಲಿಗೆ ತೆಗೆದುಕೊಳ್ಳಲೇಬಾರದು. ಒಣಗುತ್ತ ಒಣಗುತ್ತ ಅದು ತಿರುಳಿನಿಂದಲೇ ಸೀಳುತ್ತದೆ. ಉಳಿ ಹಿಡಿದು ಕಲಿಯುವ ಮೊದಲ ತುಂಡುಗಳಿಗೆ ಸಿಲ್ವರ್ ಓಕ್ ಸಾಕು. ಕಾಫಿ ತೋಟದವರು ನೆರಳಿಗೆ ಬೆಳೆಸುವ ಮರ, ಅಗ್ಗ, ಮೆತ್ತಗೆ.

ಮರ ಬಂದ ದಿನವೇ ತುದಿಗಳಿಗೆ ಹಳೆಯ ಪೇಂಟ್ ಬಳಿಯಬೇಕು. ನೀರು ತುದಿಯಿಂದ ಬೇಗ ಹೋಗುತ್ತದೆ, ಬದಿಯಿಂದ ನಿಧಾನ. ಆ ವ್ಯತ್ಯಾಸಕ್ಕೇ ತುದಿ ಸೀಳುವುದು. ನೆಲದಿಂದ ಒಂದಡಿ ಎತ್ತರದಲ್ಲಿ, ಎರಡಡಿಗೊಂದು ಇಂಚು ದಪ್ಪದ ಪಟ್ಟಿ ಕೊಟ್ಟು, ಒಂದರ ಮೇಲೊಂದು ಜೋಡಿಸಬೇಕು. ಪಟ್ಟಿಗಳು ಕೆಳಗಿನಿಂದ ಮೇಲಿನವರೆಗೆ ಒಂದೇ ನೇರಕ್ಕೆ ಬರಬೇಕು, ಇಲ್ಲದಿದ್ದರೆ ಹಲಗೆ ಅಲೆಯಂತೆ ಒಣಗುತ್ತದೆ. ಒಣಗಿತೇ ಎಂದು ತಿಳಿಯಲು ಒಂದು ತುಂಡನ್ನು ತೂಕ ಮಾಡಿ, 103 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟು, ಮತ್ತೆ ತೂಗಬೇಕು. 250 ಗ್ರಾಂ ಇದ್ದದ್ದು 220ಕ್ಕೆ ಇಳಿದರೆ ಹೋದ ನೀರು 30 ಗ್ರಾಂ. 30 ಭಾಗಿಸು 220, ಶೇಕಡಾ 13.6. ಪೀಠೋಪಕರಣಕ್ಕೆ 12ರ ಆಸುಪಾಸು ಬೇಕು. ಒಲೆ ಇಲ್ಲದ ಕಡೆ ಅದೇ ತುಂಡನ್ನು ವಾರಕ್ಕೊಮ್ಮೆ ತೂಗಿ ಗೋಡೆಯ ಮೇಲೆ ಬರೆದಿಡುವುದು. ಮೂರು ವಾರ ಒಂದೇ ತೂಕ ಬಂದರೆ ಆ ಕೋಣೆಯ ಹವೆಗೆ ಮರ ಹೊಂದಿಕೊಂಡಿದೆ ಎಂದರ್ಥ. ಮಲೆನಾಡಿನ ಮಳೆಗಾಲದಲ್ಲಿ ಬಂದ ಒಂದೇ ತೂಕವನ್ನು ನಂಬಬೇಡಿ.

ಮರ ಒಣಗುವ ಹೊತ್ತಿಗೆ ಉಳಿ ಹರಿತ ಮಾಡುವುದನ್ನು ಕಲಿಯಬೇಕು. ಅಂಗಡಿಯಿಂದ ಬಂದ ಹೊಸ ಉಳಿ ಕೆಲಸಕ್ಕೆ ಬರುವುದಿಲ್ಲ. ಮೊದಲು ಅದರ ಬೆನ್ನು, ಅಂದರೆ ಚಪ್ಪಟೆ ಬದಿ, ತುದಿಯಿಂದ ಒಂದಿಂಚಿನವರೆಗೆ ಕನ್ನಡಿಯ ಹಾಗೆ ಸಪಾಟಾಗಬೇಕು. ಆಮೇಲೆ ಇಳಿಜಾರು: ಸಾಣೆಚಕ್ರದ ಮೇಲೆ 25 ಡಿಗ್ರಿ, ಸಾಣೆಕಲ್ಲಿನ ಮೇಲೆ 30 ಡಿಗ್ರಿ. ಚಕ್ರದ ಮೇಲೆ ತುದಿ ನೀಲಿಯಾದರೆ ಉಕ್ಕಿನ ಗಡಸು ಹೋಯಿತು. ಆ ನೀಲಿ ಪೂರ್ತಿ ಹೋಗುವವರೆಗೆ ಅರೆದು ಹಾಕಬೇಕು. ಕಲ್ಲಿಗೆ ಸೀಮೆಎಣ್ಣೆ, ಮೆಷಿನ್ ಆಯಿಲ್ ಅರ್ಧರ್ಧ. ಉಜ್ಜುತ್ತ ಹೋದರೆ ಬೆನ್ನಿನ ಕಡೆ ತಂತಿಯಂಥ ಅಂಚು ಏಳುತ್ತದೆ. ಬೆರಳನ್ನು ಹಿಂದಿನಿಂದ ತುದಿಯ ಕಡೆಗೆ ಎಳೆದರೆ ತಾಗುತ್ತದೆ. ಅದು ಇಡೀ ಅಗಲಕ್ಕೂ ಎದ್ದ ಮೇಲೆ ಮಾತ್ರ ಬೆನ್ನನ್ನು ಕಲ್ಲಿನ ಮೇಲೆ ಸಪಾಟಾಗಿ ಇಟ್ಟು ತೆಗೆಯುವುದು. ಇಲ್ಲಿ ಬೆನ್ನನ್ನು ಕೂದಲೆಳೆಯಷ್ಟು ಎತ್ತಿದರೂ ಮೊದಲು ಮಾಡಿದ ಸಪಾಟು ಹೋಯಿತು. ಅಂಥ ಉಳಿ ತೂತಿನ ಗೋಡೆಯನ್ನು ನೇರ ಇಳಿಯುವುದಿಲ್ಲ, ಒಳಕ್ಕೆ ಜಾರುತ್ತದೆ.

ಕಲ್ಲಿನ ನಡುವೆ ಮಾತ್ರ ಉಜ್ಜುವ ಚಟ ಎಲ್ಲರಿಗೂ ಇರುತ್ತದೆ. ಕಲ್ಲು ಹಳ್ಳ ಬಿದ್ದರೆ ಉಳಿಯ ತುದಿ ಬಿಲ್ಲಿನಂತೆ ಬಾಗುತ್ತದೆ. ತಿಂಗಳಿಗೊಮ್ಮೆ ದಪ್ಪ ಗಾಜಿನ ಮೇಲೆ 80 ನಂಬರಿನ ಎಮರಿ ಹಾಳೆ ಇಟ್ಟು ಕಲ್ಲನ್ನೇ ಉಜ್ಜಿ ಸಪಾಟು ಮಾಡಬೇಕು. ಹರಿತ ನೋಡಲು ಕೈಕೂದಲು ಬೋಳಿಸುವ ಆಟ ಬೇಡ. ಸಿಲ್ವರ್ ಓಕಿನ ಅಡ್ಡ ಕೊಯ್ದ ತುದಿಯ ನಾರನ್ನು ಕೊಡತಿಯಿಲ್ಲದೆ, ಅಂದರೆ ಮರದ ಸುತ್ತಿಗೆಯಿಲ್ಲದೆ, ಬರೀ ಕೈಯಲ್ಲಿ ಒತ್ತಿ ಕೆತ್ತಿ ನೋಡಿ. ಪುಡಿಯಾಗದೆ ಸಿಪ್ಪೆಯಾಗಿ ಎದ್ದು, ಕೆತ್ತಿದ ಜಾಗ ಹೊಳೆದರೆ ಸರಿ.

ಇನ್ನು ಕೀಸುಳಿ. ಜ್ಯಾಕ್ ಪ್ಲೇನ್ ಎಂದು ಉಪಕರಣಗಳ ಪಟ್ಟಿಯಲ್ಲಿ ಬರೆದಿರುತ್ತದೆ. ಕೆಲವು ಕಡೆ ಉಜ್ಜುಗೊರಡು ಎನ್ನುತ್ತಾರೆ. ಅಲಗಿನ ಮೇಲಿನ ಮುಚ್ಚಳ ತುದಿಯಿಂದ ಒಂದೂವರೆ ಮಿ.ಮೀ. ಹಿಂದಿದ್ದರೆ ಒರಟು ಕೆಲಸಕ್ಕೆ, ಅರ್ಧ ಮಿ.ಮೀ. ಇದ್ದರೆ ನುಣುಪಿಗೆ. ಎದುರು ನಾರು ಕಿತ್ತು ಬರುತ್ತಿದ್ದರೆ ಹಲಗೆ ತಿರುಗಿಸಿ. ತಿರುಗಿಸಿದರೂ ಕಿತ್ತರೆ ಮುಚ್ಚಳವನ್ನು ಮುಂದಕ್ಕೆ ತಳ್ಳಿ.

ಆಚಾರಿಗಳ ಮನೆಯಿಂದ ಬಂದ ಹುಡುಗರು ನೆಲದ ಮೇಲೆ ಕೂತು ಮರವನ್ನು ಕಾಲಿನಿಂದ ಒತ್ತಿ ಹಿಡಿದು ಕೀಸುತ್ತಾರೆ, ಬೆಂಚಿಗೆ ನಿಲ್ಲು ಅಂದರೆ ಕೈ ಕಟ್ಟಿಹಾಕಿದ ಹಾಗೆ ಒದ್ದಾಡುತ್ತಾರೆ. ಕೂತು ಮಾಡಿದ ಕೆಲಸ ಕೆಟ್ಟದ್ದಲ್ಲ, ಹಿಡಿತ ಅವರದ್ದೇ ಚೆನ್ನಾಗಿರುತ್ತದೆ. ಬದಲಿಸಬೇಕಾದದ್ದು ಒಂದೇ: ಉಳಿಯ ಮುಂದೆ ಕಾಲಾಗಲಿ ಕೈಯಾಗಲಿ ಇರಬಾರದು.

ಈಗ ಮುಖ್ಯ ವಿಷಯ. ಪ್ರತಿ ತುಂಡಿಗೂ ಮೊದಲು ಒಂದು ಮುಖ ಸಪಾಟು ಮಾಡಿ, ಅದಕ್ಕೆ ಮೂಲೆಮಟ್ಟ ಹಿಡಿದು ಪಕ್ಕದ ಮುಖ ಮಾಡಿ, ಎರಡಕ್ಕೂ ಪೆನ್ಸಿಲಿನಲ್ಲಿ ಗುರುತು ಹಾಕಬೇಕು. ಕಾಲಿನಲ್ಲಿ ಇವೇ ಹೊರಮುಖಗಳು. ಇನ್ನು ಮುಂದೆ ಎಲ್ಲ ಅಳತೆಯೂ ಈ ಎರಡು ಮುಖಗಳಿಂದಲೇ. ಅಂಚಿಗೆ ಸಮಾಂತರವಾಗಿ ಗೆರೆ ಗೀರುವ ಮಾರ್ಕಿಂಗ್ ಗೇಜಿನ ದಿಂಡು ಇವೆರಡರ ಮೇಲೆ ಮಾತ್ರ ಕೂರಬೇಕು. ಕಾರಣ ಸರಳ. ನಮ್ಮ ಕಾಲು ಕೀಸಿದ ಮೇಲೆ 42 ಮಿ.ಮೀ. ಆಗಬೇಕು, 24 ಜನ ಕೀಸಿದರೆ ಒಬ್ಬನದು 41, ಇನ್ನೊಬ್ಬನದು 42.5. ಎಲ್ಲ ಗೆರೆಯನ್ನೂ ಹೊರಮುಖದಿಂದ ಎಳೆದರೆ ಈ ವ್ಯತ್ಯಾಸ ಒಳಗಡೆ ಅಡಗಿಕೊಳ್ಳುತ್ತದೆ, ಯಾರಿಗೂ ಕಾಣುವುದಿಲ್ಲ. ಒಂದೇ ಒಂದು ಗೆರೆಯನ್ನು ಒಳಮುಖದಿಂದ ಎಳೆದರೆ ಆ ಪಟ್ಟಿ ಅಷ್ಟು ಹೊರಕ್ಕೋ ಒಳಕ್ಕೋ ಹೋಗುತ್ತದೆ.

ಅಳತೆಯ ಭಾಷೆಯಲ್ಲೂ ಗೊಂದಲ ಇದೆ. ನಕ್ಷೆ ಮಿ.ಮೀ.ನಲ್ಲಿ, ಮಿಲ್ಲು ಇಂಚಿನಲ್ಲಿ, ಊರಿನ ಬಡಗಿಗಳು ನೂಲಿನಲ್ಲಿ. ಒಂದು ನೂಲೆಂದರೆ ಇಂಚಿನ ಎಂಟನೇ ಒಂದು ಭಾಗ, 3 ಮಿ.ಮೀ. ಮೇಲೆ ಚಿಲ್ಲರೆ. ಮಿಲ್ಲಿನ 3 ಇಂಚು ಕೈಗೆ ಬರುವಾಗ 70–72 ಮಿ.ಮೀ. ಇರುತ್ತದೆ. ಯಾವ ಅಳತೆಯಾದರೂ ಸರಿ, ಒಂದು ಸ್ಟೂಲಿಗೆ ಒಂದೇ. ಕಾಲನ್ನು ಟೇಪಿನ ಇಂಚಿನ ಕಡೆಯಿಂದ, ಪಟ್ಟಿಯನ್ನು ಮಿ.ಮೀ. ಕಡೆಯಿಂದ ಅಳೆದವನ ಸ್ಟೂಲು ನೋಡಿದ ಕೂಡಲೇ ಗೊತ್ತಾಗುತ್ತದೆ.

ನಾಲ್ಕು ಕಾಲನ್ನೂ ನಿಲ್ಲುವ ಹಾಗೆಯೇ ಒಟ್ಟಿಗೆ ಹಿಡಿದು, ನಾಲ್ಕು ತಲೆಗಳ ಮೇಲೆ ಹಾಯುವಂತೆ ಒಂದು ವೃತ್ತ ಎಳೆಯಬೇಕು. ಬಿಡಿಸಿದಾಗ ಪ್ರತಿ ಕಾಲಿನ ತಲೆಯ ಮೇಲೆ ವೃತ್ತದ ಕಾಲು ಭಾಗ ಉಳಿಯುತ್ತದೆ. ಆ ಗೆರೆ ಇರುವ ಮೂಲೆಯೇ ಒಳಮೂಲೆ. ತೂತು ಬರುವುದು ಆ ಮೂಲೆಗೆ ಸೇರಿದ ಎರಡು ಮುಖಗಳಲ್ಲಿ ಮಾತ್ರ. 1ರಿಂದ 4ರವರೆಗೆ ನಂಬರನ್ನೂ ಬರೆಯಬೇಕು. ಕೆಳಗಿನ ಪಟ್ಟಿಗಳು ಎರಡು ಎತ್ತರದಲ್ಲಿವೆ: ಮುಂದಿನದು, ಹಿಂದಿನದು ನೆಲದಿಂದ 100 ಮಿ.ಮೀ., ಪಕ್ಕದವು 150 ಮಿ.ಮೀ. ಒಂದೇ ಎತ್ತರದಲ್ಲಿ ಎರಡು ತೂತು ಎದುರಾದರೆ ಕಾಲಿನ ನಡುವೆ ಮರವೇ ಉಳಿಯುವುದಿಲ್ಲ, ಅದಕ್ಕೆ ಈ ಏರ್ಪಾಡು. ಆದರೆ ಇದರಿಂದ ಕಾಲುಗಳು ಎಡ, ಬಲ ಆಗಿಬಿಡುತ್ತವೆ. ಹುಷಾರಿಲ್ಲದವನು ನಾಲ್ಕನ್ನೂ ಸಾಲಾಗಿ ಮಲಗಿಸಿ ಒಂದೇ ಥರ ಗುರುತು ಹಾಕುತ್ತಾನೆ.

“ಸರ್, ನಾಲ್ಕೂ ಒಂದೇ ಥರ ಬಂದಿದೆ, ನೋಡಿ.”

“ಬಂದಿದೆಯಪ್ಪಾ. ನಾಲ್ಕೂ ಎಡಗಾಲಿನ ಚಪ್ಪಲಿ.”

ಪೆನ್ಸಿಲಿನಲ್ಲಿ ಇರುವಾಗ ಇದು ಸಿಕ್ಕಿದರೆ ರಬ್ಬರು ಸಾಕು. ಉಳಿ ಬಿದ್ದ ಮೇಲೆ ಸಿಕ್ಕಿದರೆ ಎರಡು ಕಾಲು ಹೊಸದು.

ಪಟ್ಟಿಗಳ ಹೆಗಲಿನ ಗೆರೆ ಇನ್ನೂ ಮುಖ್ಯ. ನಾಲಿಗೆ ಶುರುವಾಗುವ ಜಾಗಕ್ಕೆ ಹೆಗಲು ಎನ್ನುತ್ತೇವೆ. ಸ್ಟೂಲು ಹೊರಗಿಂದ ಹೊರಕ್ಕೆ 300 ಮಿ.ಮೀ.; ಎರಡು ಕಾಲಿನ 84 ಕಳೆದರೆ ಹೆಗಲಿಂದ ಹೆಗಲಿಗೆ 216. ಎರಡು ಕಡೆ 28ರ ನಾಲಿಗೆ ಸೇರಿ ಪಟ್ಟಿ 272. ಎಂಟು ಪಟ್ಟಿಗೂ ಇದೇ ಅಳತೆ. ಒಂದೊಂದನ್ನೇ ಟೇಪಿನಲ್ಲಿ ಅಳೆಯಬಾರದು. ಎಂಟನ್ನೂ ಒಟ್ಟಿಗೆ ನಿಲ್ಲಿಸಿ, ಕ್ಲ್ಯಾಂಪು ಹಾಕಿ, ಮೂಲೆಮಟ್ಟ ಇಟ್ಟು ಎರಡು ಗೆರೆಯನ್ನು ಒಂದೇ ಸಲ ಎಲ್ಲದರ ಮೇಲೆ ಎಳೆಯಬೇಕು. 216 ಬದಲು 215 ಬಂದರೂ ಚಿಂತೆಯಿಲ್ಲ, ಎಂಟೂ 215 ಆಗಿರುತ್ತವೆ. ಕೆಳಗಿನ ಪಟ್ಟಿ ಮೇಲಿನದಕ್ಕಿಂತ 1 ಮಿ.ಮೀ. ಗಿಡ್ಡವಾದರೆ ಮಾತ್ರ ಒಂದೋ ಕಾಲು ಒಳಕ್ಕೆ ಎಳೆಯುತ್ತದೆ, ಇಲ್ಲವೇ ಹೆಗಲಿನ ಸಂದು ಬಾಯಿ ಬಿಡುತ್ತದೆ. ಗೆರೆ ಎಳೆಯುವುದು ಚೂರಿಯಲ್ಲಿ, ಪೆನ್ಸಿಲಿನಲ್ಲಲ್ಲ. ಪೆನ್ಸಿಲಿನ ಗೆರೆಯೇ ಅರ್ಧ ಮಿ.ಮೀ. ದಪ್ಪ, ಅದರ ಈ ಬದಿಗೆ ಕೊಯ್ಯಬೇಕೋ ಆ ಬದಿಗೋ ಎಂಬುದೇ ಜಗಳ. ಚೂರಿಯ ಗೆರೆಗೆ ದಪ್ಪವಿಲ್ಲ, ಮೇಲಾಗಿ ನಾರನ್ನು ಮೊದಲೇ ಕತ್ತರಿಸಿರುವುದರಿಂದ ಗರಗಸ ಅಂಚನ್ನು ಹರಿಯುವುದಿಲ್ಲ.

ತೂತಿನ ಅಗಲ ಪಟ್ಟಿಯ ದಪ್ಪದ ಮೂರನೇ ಒಂದು ಭಾಗ. ಪಟ್ಟಿ 20 ಮಿ.ಮೀ., ಮೂರನೇ ಒಂದು ಆರೂಮುಕ್ಕಾಲರ ಹತ್ತಿರ. ನಮ್ಮಲ್ಲಿರುವ ಉಳಿ 6, ಆದ್ದರಿಂದ ತೂತು 6. ಉಳಿಯ ಅಗಲಕ್ಕೆ ಗೆರೆ ಹೊಂದಿಸಬೇಕೇ ಹೊರತು ಗೆರೆಗೆ ಉಳಿ ಹುಡುಕುವುದಲ್ಲ. ಪಟ್ಟಿ ಕಾಲಿನ ಹೊರಮುಖದಿಂದ 4 ಮಿ.ಮೀ. ಒಳಗೆ ಕೂರುತ್ತದೆ, ಹಾಗಾಗಿ ತೂತು ಹೊರಮುಖದಿಂದ 11ಕ್ಕೆ ಶುರು, 17ಕ್ಕೆ ಮುಗಿತು. ಆಳ 30. ಮೇಲಿನ ಪಟ್ಟಿಗಳ ಎರಡು ತೂತು ಕಾಲಿನೊಳಗೆ ಒಂದಕ್ಕೊಂದು ತೆರೆದುಕೊಳ್ಳುತ್ತವೆ, ಅಲ್ಲಿ ನಾಲಿಗೆಗಳ ತುದಿಯನ್ನು 45 ಡಿಗ್ರಿಗೆ ಓರೆ ಕೊಯ್ಯಬೇಕು: ಹೊರಬದಿ 28, ಒಳಬದಿ 22.

ಮೇಲಿನ ಪಟ್ಟಿ ಕೀಸಿದ ಮೇಲೆ 66 ಮಿ.ಮೀ. ಅಗಲ. ಅಷ್ಟೂ ಅಗಲಕ್ಕೆ ನಾಲಿಗೆ ಬಿಟ್ಟರೆ ತೂತು ಕಾಲಿನ ತಲೆಯಲ್ಲಿ ಬಾಯಿ ತೆರೆದುಕೊಂಡಿರುತ್ತದೆ, ಹಿಡಿತವಿಲ್ಲ. ಮೇಲಿನ 22ರಲ್ಲಿ ಬರೀ 8 ಮಿ.ಮೀ. ಉದ್ದದ ಕುಳ್ಳ ನಾಲಿಗೆ, ಕೆಳಗಿನ 44ರಲ್ಲಿ ಪೂರ್ತಿ ನಾಲಿಗೆ. ಕುಳ್ಳ ನಾಲಿಗೆ ಪಟ್ಟಿ ತಿರುಚದಂತೆ ತಡೆಯುತ್ತದೆ. ಕಾಲನ್ನು 430ಕ್ಕೆ ಕೊಯ್ಯದೆ ತಲೆಯ ಕಡೆ 20 ಮಿ.ಮೀ. ಕೊಂಬು ಬಿಟ್ಟಿರಬೇಕು. ತೂತು ಹೊಡೆಯುವಾಗ ತಲೆ ಸೀಳದಂತೆ ಕಾಯುವುದು ಈ ಕೊಂಬು. ಗೋಂದು ಒಣಗಿದ ಮೇಲೆ ಅದನ್ನು ಕೊಯ್ದು ಹಾಕುವುದು.

ತೂತು ಹೊಡೆಯುವ ಕ್ರಮ: ಕಾಲನ್ನು ಬೆಂಚಿನ ಕಾಲಿನ ನೇರ ಮೇಲೆ ಇಡಿ, ಬೆಂಚಿನ ನಡುವೆ ಇಟ್ಟರೆ ಅರ್ಧ ಪೆಟ್ಟನ್ನು ಬೆಂಚೇ ನುಂಗುತ್ತದೆ. ಉಳಿಗೆ 30 ಮಿ.ಮೀ. ಮೇಲೆ ಟೇಪಿನ ತುಂಡು ಸುತ್ತಿ. ಗೆರೆಯಿಂದ 3 ಮಿ.ಮೀ. ಬಿಟ್ಟು ಒಳಗಿನಿಂದ ಶುರು ಮಾಡಿ, 3 ಮಿ.ಮೀ. ಗೊಂದು ಪೆಟ್ಟಿನಂತೆ ಇನ್ನೊಂದು ತುದಿಯವರೆಗೆ ಹೋಗಿ, ಸಿಪ್ಪೆ ಮೀಟಿ ತೆಗೆದು, ಮತ್ತೆ ವಾಪಸ್ಸು. ಬಿಟ್ಟ 3 ಮಿ.ಮೀ. ಕಟ್ಟಕಡೆಗೆ. ಏಕೆಂದರೆ ಸಿಪ್ಪೆ ಮೀಟುವಾಗ ಉಳಿಯ ಬೆನ್ನು ಒರಗುವುದು ತುದಿಯ ಅಂಚಿಗೆ, ಅದು ಜಜ್ಜಿಹೋಗುತ್ತದೆ. ಜಜ್ಜಿದ್ದು ಆ 3 ಮಿ.ಮೀ.ನಲ್ಲೇ ಇದ್ದರೆ ಕೊನೆಯ ಪೆಟ್ಟಿಗೆ ಉದುರಿಹೋಗುತ್ತದೆ. ಉಳಿ ನೆಟ್ಟಗಿದೆಯೇ ಎಂದು ಹೊಡೆಯುವವನಿಗೆ ಕಾಣುವುದಿಲ್ಲ. ಮುಂದೆ ಹಿಂದೆ ವಾಲುವುದು ಕಾಣುತ್ತದೆ, ಎಡ ಬಲ ಕಾಣುವುದಿಲ್ಲ. ಪಕ್ಕದಲ್ಲಿ ಒಬ್ಬ ನಿಂತು ಹೇಳಬೇಕು, ಇಲ್ಲವೇ ಒಂದು ಚಿಕ್ಕ ಮೂಲೆಮಟ್ಟವನ್ನು ಎದುರಿಗೆ ನಿಲ್ಲಿಸಿಕೊಳ್ಳಬೇಕು.

ನಾಲಿಗೆ ಕೊಯ್ಯುವಾಗ ಗರಗಸ ಬಿಸಾಡುವ ಭಾಗದ ಕಡೆ ಇರಬೇಕು, ಗೆರೆ ನಾಲಿಗೆಯ ಮೇಲೆ ಉಳಿಯಬೇಕು. ಪಟ್ಟಿಯನ್ನು ವೈಸಿನಲ್ಲಿ ಓರೆಯಾಗಿ ಹಿಡಿದು ಈ ಮೂಲೆಯಿಂದ ಕೊಯ್ದು, ತಿರುಗಿಸಿ ಆ ಮೂಲೆಯಿಂದ ಕೊಯ್ದು, ಕೊನೆಗೆ ನೆಟ್ಟಗೆ ನಿಲ್ಲಿಸಿ ನಡುವೆ ಉಳಿದದ್ದನ್ನು ಕೊಯ್ಯುವುದು. ಹೆಗಲು ಆಮೇಲೆ. ಹೆಗಲನ್ನು ಕೊಯ್ಯುವಾಗ ಗರಗಸ ಅರ್ಧ ಮಿ.ಮೀ. ಹೆಚ್ಚು ಆಳ ಹೋದರೂ 6 ಮಿ.ಮೀ. ನಾಲಿಗೆ ಬುಡದಲ್ಲಿ ಐದೂವರೆ. ಯಾರಾದರೂ ಸ್ಟೂಲನ್ನು ಹಿಂದಕ್ಕೆ ವಾಲಿಸಿ ಕೂತ ದಿನ ಮುರಿಯುವುದು ಅಲ್ಲೇ.

ಕೂಡಿಸಿ ನೋಡುವಾಗ ಹದ ಇಷ್ಟು: ಕೈಯಲ್ಲಿ ಒತ್ತಿದರೆ ಅರ್ಧ ಹೋಗಬೇಕು, ಉಳಿದದ್ದು ಕೊಡತಿಯ ಸಣ್ಣ ಪೆಟ್ಟಿಗೆ. ಸುತ್ತಿಗೆ ಬೇಕಾಯಿತೆಂದರೆ ಕಾಲು ಸೀಳುತ್ತದೆ. ಬೋರಲು ಹಿಡಿದರೆ ತಾನೇ ಬೀಳುತ್ತದೆ ಎಂದರೆ ಸಡಿಲ; ಗೋಂದು ಸುರಿದು ಆ ಸಂದನ್ನು ತುಂಬಿಸಲಾಗದು, ಫೆವಿಕಾಲ್ ಎರಡು ಮರ ಒತ್ತಿ ಕೂತಾಗ ಮಾತ್ರ ಹಿಡಿಯುತ್ತದೆ. ಸಡಿಲವಾದ ನಾಲಿಗೆಯ ಕೆನ್ನೆಗೆ, ಅಂದರೆ ಅಗಲದ ಬದಿಗೆ, ಅದೇ ಮರದ ತೆಳು ಸಿಪ್ಪೆಯನ್ನು ನಾರಿನ ದಿಕ್ಕಿಗೇ ಅಂಟಿಸಿ, ಒಣಗಿದ ಮೇಲೆ ಮತ್ತೆ ಕೆತ್ತಿ ಹೊಂದಿಸಬೇಕು.

ಗೋಂದು ಹಾಕುವುದು ಎರಡು ಸಲ. ಮೊದಲ ದಿನ ಮುಂದಿನ ಚೌಕಟ್ಟು, ಹಿಂದಿನ ಚೌಕಟ್ಟು. ಮರುದಿನ ನಡುವಿನ ನಾಲ್ಕು ಪಟ್ಟಿ. ಹದಿನಾರನ್ನೂ ಒಂದೇ ಸಲ ಹಾಕಲು ಹೋದರೆ ಹತ್ತನೆಯದಕ್ಕೆ ಬರುವಾಗ ಮೊದಲನೆಯದು ಹಿಡಿದುಕೊಂಡಿರುತ್ತದೆ. ಹಾಕಿದ ಕೂಡಲೇ ಕರ್ಣ ಅಳೆಯಿರಿ. ಎರಡು ಕರ್ಣಕ್ಕೂ 1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಉದ್ದ ಕರ್ಣದ ದಿಕ್ಕಿಗೆ ಕ್ಲ್ಯಾಂಪನ್ನು ತುಸು ಓರೆ ಮಾಡಿ ಬಿಗಿದರೆ ಸರಿಹೋಗುತ್ತದೆ. ಕ್ಲ್ಯಾಂಪು ಸಾಲದಿದ್ದರೆ ಹಗ್ಗವನ್ನು ಎರಡು ಸುತ್ತು ಸುತ್ತಿ ನಡುವೆ ಕೋಲು ತೂರಿಸಿ ತಿರುವಿ. ಹಗ್ಗದ ಕೆಳಗೆ ರಟ್ಟು ಇಡಿ. ಹೊರಬಂದ ಗೋಂದನ್ನು ಆಗಲೇ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಉಳಿದರೆ ಪಾಲಿಶ್ ಹಿಡಿಯದೆ ಅಲ್ಲಿ ಬಿಳಿ ಮಚ್ಚೆ.

ಕಾಲು ಸಮ ಮಾಡುವುದರಲ್ಲಿ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಉದ್ದ ಕಂಡ ಕಾಲನ್ನು ತುಸು ಕೊಯ್ಯುವುದು, ಆಗ ಇನ್ನೊಂದು ಉದ್ದ ಕಾಣುವುದು, ಅದನ್ನು ಕೊಯ್ಯುವುದು. ಸ್ಟೂಲು ಮಣೆಯಾಗುವ ದಾರಿ ಇದು. ಸಪಾಟಾದ ಕಡಪ ಕಲ್ಲಿನ ಮೇಲೆ ನಿಲ್ಲಿಸಿ, ಎತ್ತಿದ ಕಾಲಿನ ಕೆಳಗೆ ತೆಳು ಬೆಣೆ ಕೊಟ್ಟು, ತಲೆ ಮಟ್ಟವಾದ ಮೇಲೆ 10 ಮಿ.ಮೀ. ದಪ್ಪದ ತುಂಡಿನ ಮೇಲೆ ಪೆನ್ಸಿಲ್ ಮಲಗಿಸಿ ನಾಲ್ಕು ಕಾಲಿನ ಸುತ್ತಲೂ ಗೆರೆ ಎಳೆದು, ನಾಲ್ಕನ್ನೂ ಆ ಗೆರೆಗೆ ಕೊಯ್ಯಿರಿ. ಇದಕ್ಕಾಗಿ ಕಾಲಿನ ಕೆಳಗೂ 10 ಮಿ.ಮೀ. ಮೊದಲೇ ಬಿಟ್ಟಿರಬೇಕು.

ಪಾಲಿಶ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 80, 120, 180ರ ಹಾಳೆ, ಯಾವಾಗಲೂ ನಾರಿನ ದಿಕ್ಕಿಗೆ. ಅಡ್ಡ ಉಜ್ಜಿದ ಗೀರು ಬರಿಮರದಲ್ಲಿ ಕಾಣದೆ ಪಾಲಿಶ್ ಬಿದ್ದ ಕೂಡಲೇ ಎದ್ದು ಕಾಣುತ್ತದೆ. ಅರಗಿನ ಹಳಕು ಲೀಟರ್ ಸ್ಪಿರಿಟ್ಟಿಗೆ 150 ಗ್ರಾಂ, ರಾತ್ರಿಯಿಡೀ ನೆನೆಸಿ, ಸೋಸಿ. ಜಡಿಮಳೆಯ ದಿನ ಹಚ್ಚಬೇಡಿ, ತೇವಕ್ಕೆ ಬೆಳ್ಳಗಾಗುತ್ತದೆ.

ಕೂರುವ ಹಲಗೆಯನ್ನು ಮಾತ್ರ ಗೋಂದು ಹಾಕಿ ಅಂಟಿಸಬಾರದು, ಮೊಳೆಯನ್ನೂ ಹೊಡೆಯಬಾರದು. ಮರ ಉದ್ದಕ್ಕೆ ಕುಗ್ಗುವುದಿಲ್ಲ ಎನ್ನಬಹುದು, ಅಗಲಕ್ಕೆ ಕುಗ್ಗುತ್ತದೆ. ಹಸಿಯಿಂದ ಪೂರ್ತಿ ಒಣಗುವವರೆಗೆ ತೇಗ ಬೆಳವಣಿಗೆಯ ಉಂಗುರಗಳ ಗುಂಟ ಶೇಕಡಾ 5.8ರಷ್ಟು, ಉಂಗುರಗಳಿಗೆ ಅಡ್ಡಲಾಗಿ 2.5ರಷ್ಟು ಕುಗ್ಗುತ್ತದೆ. ಮಳೆಗಾಲಕ್ಕೂ ಬೇಸಿಗೆಗೂ ಮರದ ತೇವ 7 ಅಂಶ ಬದಲಾದರೆ 320 ಮಿ.ಮೀ. ಹಲಗೆ 4 ಮಿ.ಮೀ. ಚಿಲ್ಲರೆ ಆಚೀಚೆ ಆಗುತ್ತದೆ. ಬಿಗಿದು ಕಟ್ಟಿದರೆ ಅದು ಹಲಗೆಯನ್ನೇ ಸೀಳುತ್ತದೆ. ಪಟ್ಟಿಯ ಒಳಮುಖದಲ್ಲಿ 8 ಮಿ.ಮೀ. ಆಳದ ಗಾಡಿ, ಅಂದರೆ ಕಾಲುವೆಯಂಥ ಕಚ್ಚು, ತೋಡಿ, ಅದರೊಳಗೆ ನಾಲಿಗೆ ಚಾಚಿದ ಚಿಕ್ಕ ಮರದ ತುಂಡುಗಳನ್ನು ಹಲಗೆಗೆ ಸ್ಕ್ರೂ ಮಾಡಬೇಕು. ತುಂಡಿಗೂ ಪಟ್ಟಿಗೂ ನಡುವೆ 3 ಮಿ.ಮೀ. ಬಿಡಿ. ಹಲಗೆಯ ನಾರಿಗೆ ಅಡ್ಡ ಬರುವ ಎರಡು ಪಟ್ಟಿಗಳ ನಟ್ಟನಡುವೆ ಮಾತ್ರ ಒಂದೊಂದು ಸ್ಕ್ರೂವನ್ನು ಪಟ್ಟಿಯ ಮೂಲಕ ನೇರ ಹಲಗೆಗೆ ಬಿಗಿಯುವುದು, ಆಗ ಹಲಗೆ ಎರಡು ಬದಿಗೂ ಸಮನಾಗಿ ಹಿಗ್ಗುತ್ತದೆ, ಕುಗ್ಗುತ್ತದೆ.

ಇದು ನಂಬದವರಿಗಾಗಿ ಸ್ಟೂಲನ್ನು ಬೋರಲು ಹಾಕಿ, ನಾರಿನ ಉದ್ದಕ್ಕಿರುವ ಪಟ್ಟಿಯ ಒಳಮುಖಕ್ಕೆ ತಾಗಿದಂತೆ ಹಲಗೆಯ ತಳದಲ್ಲಿ ಚೂರಿಯಿಂದ ಒಂದು ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆಸುತ್ತೇನೆ. ಆಗಸ್ಟಿನಲ್ಲಿ ಎಳೆದ ಗೆರೆ ಏಪ್ರಿಲಿನಲ್ಲಿ ಪಟ್ಟಿಯಿಂದ ಎರಡು ಮಿ.ಮೀ. ಒಳಗೆ ಬಂದು ನಿಂತಿರುತ್ತದೆ.